ಸೌಂಡ್ ಕಾರ್ಡಿನ ಜ್ಯಾಕ್‌ಗಳ ಚರಿತ್ರೆ

ಕಂಪ್ಯೂಟರಿಗೆ ಸ್ಪೀಕರು, ಮೈಕು, ಟೇಪ್ ರೆಕಾರ್ಡರುಗಳನ್ನು ಜೋಡಿಸುವ ದುಂಡನೆಯ ಜ್ಯಾಕ್‌ಗಳು ಕಂಪ್ಯೂಟರಿಗಾಗಿ ಹುಟ್ಟಿದವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರುಗಳು ಒಬ್ಬ ಚಂದಾದಾರನ ತಂತಿಯನ್ನು ಇನ್ನೊಬ್ಬನದಕ್ಕೆ ಸೇರಿಸಲು ಬಳಸುತ್ತಿದ್ದ 6.35 ಮಿ.ಮೀ. ಪ್ಲಗ್ಗೇ ಅವುಗಳ ಮೂಲ. ಅದರ ಕಿರಿಯ ರೂಪವಾದ 3.5 ಮಿ.ಮೀ. ಪ್ಲಗ್ಗು ಟ್ರಾನ್ಸಿಸ್ಟರ್ ರೇಡಿಯೋಗಳ ಇಯರ್‌ಫೋನಿನೊಂದಿಗೆ ಮನೆಗಳನ್ನು ಹೊಕ್ಕಿತು. 1979ರ ವಾಕ್‌ಮನ್ ಅದರ ಸ್ಟೀರಿಯೋ ರೂಪವನ್ನು ಮನೆಮಾತಾಗಿಸಿತು.

1981ರ ಐಬಿಎಂ ಪಿಸಿಯಲ್ಲಿದ್ದುದು ಪೆಟ್ಟಿಗೆಯೊಳಗೆ ಬೀಪ್ ಎನ್ನುವ ಒಂದು ಪುಟ್ಟ ಸ್ಪೀಕರು ಮಾತ್ರ. 1987ರಲ್ಲಿ ಕೆನಡಾದ ಕ್ಯುಬೆಕ್ ನಗರದ ಆಡ್‌ಲಿಬ್ ಸಂಸ್ಥೆ ಹೊರತಂದ ಕಾರ್ಡು, ಒಂದು ಅಲೆಯಿಂದ ಇನ್ನೊಂದರ ಆವರ್ತನವನ್ನು ಏರಿಳಿಸಿ ನಾದ ಹುಟ್ಟಿಸುವ ಯಮಾಹಾ ಚಿಪ್ಪನ್ನು ಹೊತ್ತು, ಆಟಗಳಿಗೆ ಸಂಗೀತ ಒದಗಿಸಿತು. ಟೆಲಿಫೋನ್ ಕಾಲದ ದಪ್ಪ ಜ್ಯಾಕನ್ನೇ ಮೊದಮೊದಲು ಹೊಂದಿದ್ದ ಆ ಕಾರ್ಡಿನಿಂದ ಧ್ವನಿ ಹೊರಗೆ ಬರುತ್ತಿತ್ತೇ ಹೊರತು ಒಳಗೆ ಹೋಗುತ್ತಿರಲಿಲ್ಲವಾದ್ದರಿಂದ, ಜೋಡಣೆಯಲ್ಲಿ ಎಡವಲು ಅವಕಾಶವೂ ಕಡಿಮೆಯಿತ್ತು.

1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯ ಸೌಂಡ್ ಬ್ಲಾಸ್ಟರ್ ಬಂದು, ಹೊರಗಿನ ಧ್ವನಿಯನ್ನು ಅಂಕಿಗಳಾಗಿ ಪರಿವರ್ತಿಸಿ ದಾಖಲಿಸುವ ಸೌಲಭ್ಯ ಸೇರಿದಾಗ ನಿಜವಾದ ಗೊಂದಲ ಶುರುವಾಯಿತು. ಮುಂದಿನ ಕಾರ್ಡುಗಳಲ್ಲಿ ಮೈಕ್, ಲೈನ್ ಇನ್, ಸ್ಪೀಕರ್ ಜ್ಯಾಕ್‌ಗಳು ಒಂದೇ ಆಕಾರದಲ್ಲಿ ಪಕ್ಕಪಕ್ಕದಲ್ಲೇ ಇದ್ದರೂ ಅವುಗಳ ಸ್ವಭಾವ ಬೇರೆಬೇರೆ. ಮೈಕು ಕೊಡುವುದು ಕೆಲವೇ ಮಿಲಿವೋಲ್ಟ್. ಟೇಪ್ ರೆಕಾರ್ಡರಿನ ಲೈನ್ ಔಟ್‌ನಿಂದ, ಅಂದರೆ ಬೇರೊಂದು ಉಪಕರಣಕ್ಕೆ ಧ್ವನಿ ಸಾಗಿಸಲೆಂದೇ ಇರುವ ಜ್ಯಾಕಿನಿಂದ, ಬರುವುದು ಸುಮಾರು 0.3 ವೋಲ್ಟ್. ಕ್ಷೀಣ ಸಂಕೇತವನ್ನು ಹಿಗ್ಗಿಸುವ ಆಂಪ್ಲಿಫೈಯರು ಮೈಕ್ ಜ್ಯಾಕಿನ ಹಿಂದೆಯೇ ಇರುವುದರಿಂದ, ಕ್ಯಾಸೆಟ್ಟಿನ ಹಾಡನ್ನು ಅಲ್ಲಿಗೆ ಕೊಟ್ಟರೆ ಸ್ವರಗಳ ತಲೆ ಕತ್ತರಿಸಿ ಕರ್ಕಶ ಸದ್ದು ಉಳಿಯುತ್ತಿತ್ತು. ಮೈಕನ್ನು ಲೈನ್ ಇನ್‌ಗೆ ಚುಚ್ಚಿದರೆ ಬಹುತೇಕ ಏನೂ ಕೇಳಿಸುತ್ತಿರಲಿಲ್ಲ. ಎಲೆಕ್ಟ್ರೆಟ್ ಮೈಕುಗಳಿಗೆ ಬೇಕಾದ ಅಲ್ಪ ವಿದ್ಯುತ್ತನ್ನೂ ಮೈಕ್ ಜ್ಯಾಕೇ ಪೂರೈಸಬೇಕಿತ್ತು. ಇಷ್ಟೆಲ್ಲ ಭೇದವನ್ನು ತಿಳಿಸಬೇಕಾದ ಪುಟ್ಟ ಅಕ್ಷರಗಳು ಗೋಡೆಗೆ ಮುಖ ಮಾಡಿದ ಲೋಹದ ಪಟ್ಟಿಯ ಮೇಲಿದ್ದವೆಂಬುದು ವಿನ್ಯಾಸಕಾರರಿಗೆ ಶೋಭೆ ತರುವ ಸಂಗತಿಯಲ್ಲ.

ಪೆಟ್ಟಿಗೆಯೊಳಗೂ ಒಂದು ಜೋಡಣೆಯಿತ್ತು. ಆಗಿನ ಸಿಡಿ ಡ್ರೈವು ಸಂಗೀತವನ್ನು ತಾನೇ ನುಡಿಸಿ, ತೆಳುವಾದ ತಂತಿಯೊಂದರಲ್ಲಿ ನೇರವಾಗಿ ಸೌಂಡ್ ಕಾರ್ಡಿಗೆ ಕಳಿಸುತ್ತಿತ್ತಾದ್ದರಿಂದ, ಆ ತಂತಿ ಮರೆತುಹೋದರೆ ಆಟವೆಲ್ಲ ಸರಿಯಾಗಿ ನಡೆದರೂ ಸಿಡಿಯ ಹಾಡು ಮಾತ್ರ ಕೇಳಿಸುತ್ತಿರಲಿಲ್ಲ.

ಇಂಟೆಲ್ ಮತ್ತು ಮೈಕ್ರೋಸಾಫ್ಟ್ ರೂಪಿಸಿದ ಪಿಸಿ 99 ಮಾರ್ಗಸೂಚಿಯು ಮೈಕಿಗೆ ಗುಲಾಬಿ, ಲೈನ್ ಇನ್‌ಗೆ ತಿಳಿನೀಲಿ, ಸ್ಪೀಕರಿಗೆ ತಿಳಿಹಸಿರು ಎಂದು ಬಣ್ಣ ಗೊತ್ತುಪಡಿಸಿತು. ಯಾವ ಹೊಸ ಚಿಪ್ಪೂ ಬೇಡದ ಈ ಸುಧಾರಣೆ, ಬಳಕೆದಾರರ ಮಟ್ಟಿಗೆ, ಅದುವರೆಗಿನ ತಾಂತ್ರಿಕ ಪ್ರಗತಿಗಳಿಗಿಂತ ಹೆಚ್ಚು ಉಪಕಾರಿಯಾಯಿತು ಎನ್ನಬಹುದು. 2004ರ ಇಂಟೆಲ್ ಎಚ್‌ಡಿ ಆಡಿಯೋ, ಯಾವ ಜ್ಯಾಕಿಗೆ ಏನು ಸೇರಿದೆಯೆಂದು ಗ್ರಹಿಸಿ, ಜ್ಯಾಕಿನ ಕೆಲಸವನ್ನೇ ಸಾಫ್ಟ್‌ವೇರಿನಿಂದ ಬದಲಿಸುವ ಅವಕಾಶ ಕೊಟ್ಟಿತು. ಆದರೆ ಮೊಬೈಲ್ ಫೋನುಗಳ ಪ್ರಭಾವದಿಂದ ಮೈಕನ್ನೂ ಹೆಡ್‌ಫೋನನ್ನೂ ಒಂದೇ ಪ್ಲಗ್ಗಿಗೆ ಸೇರಿಸಿದ ನಾಲ್ಕು ಸಂಪರ್ಕಗಳ ಪ್ಲಗ್ಗು ಲ್ಯಾಪ್‌ಟಾಪಿಗೆ ಬಂದಾಗ, ಮೈಕಿನ ಮತ್ತು ಭೂಸಂಪರ್ಕದ ಸ್ಥಾನಗಳು ಅದಲುಬದಲಾಗಿದ್ದ ಎರಡು ಪದ್ಧತಿಗಳು ಜೊತೆಯಲ್ಲೇ ಚಾಲ್ತಿಗೆ ಬಂದು, ಆಕಾರ ಒಂದೇ ಆದರೂ ಒಳಗಿನ ಜೋಡಣೆ ಬೇರೆಯಾಗಿರುವ ತೊಡಕು ಮತ್ತೆ ಎದುರಾಯಿತು.