ಆದಿವಾಸಿ ಹಿರಿಯರ ಆರೋಗ್ಯ: ಸಂಶೋಧನೆ ನಡೆದು ಬಂದ ದಾರಿ

1948ರಿಂದ 1952ರವರೆಗೆ ಕೆನಡಾದ ಆರು ವಸತಿ ಶಾಲೆಗಳಲ್ಲಿ ಆದಿವಾಸಿ ಮಕ್ಕಳ ಮೇಲೆ ಪೌಷ್ಟಿಕಾಂಶದ ಪ್ರಯೋಗಗಳು ನಡೆದವು. ಮಕ್ಕಳು ಅರೆಹೊಟ್ಟೆಯಲ್ಲಿದ್ದಾರೆಂದು ಗೊತ್ತಿದ್ದೂ, ಹೋಲಿಕೆಗೆ ಆಧಾರ ಸಿಗಲೆಂದು ಒಂದು ಶಾಲೆಯಲ್ಲಿ ಎರಡು ವರ್ಷ ಹಾಲನ್ನು ಕಡಿಮೆಯೇ ಕೊಟ್ಟರು. ಇತಿಹಾಸಕಾರ ಇಯಾನ್ ಮಾಸ್ಬಿ 2013ರಲ್ಲಿ ಕಡತಗಳಿಂದ ಇದನ್ನು ಹೊರತೆಗೆದರು. ಆದಿವಾಸಿ ಆರೋಗ್ಯ ಸಂಶೋಧನೆಯ ಚರಿತ್ರೆಯನ್ನು ಇಲ್ಲಿಂದಲೇ ಶುರುಮಾಡುವುದು ನ್ಯಾಯ.

ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನ ಹವಾಸುಪಾಯಿ ಜನ 1990ರಲ್ಲಿ ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ರಕ್ತ ಕೊಟ್ಟರು. ಅದೇ ರಕ್ತವನ್ನು ಸ್ಕಿಜೋಫ್ರೇನಿಯಾ ಮತ್ತು ವಲಸೆಯ ಅಧ್ಯಯನಗಳಿಗೂ ಬಳಸಿದ್ದು ಆಮೇಲೆ ತಿಳಿಯಿತು. ಅರಿಜೋನಾ ರಾಜ್ಯ ವಿಶ್ವವಿದ್ಯಾಲಯ 2010ರಲ್ಲಿ 7 ಲಕ್ಷ ಡಾಲರ್ ಪರಿಹಾರ ಕೊಟ್ಟು, ಉಳಿದ ರಕ್ತವನ್ನು ಮರಳಿಸಿತು.

ಅಷ್ಟರಲ್ಲಿ ಗಾಳಿ ಬದಲಾಗಿತ್ತು. ಮಾಹಿತಿಯ ಒಡೆತನವೂ ಹಿಡಿತವೂ ಸಮುದಾಯದ್ದೇ ಎಂಬ ತತ್ವವನ್ನು ಕೆನಡಾದ ಆದಿವಾಸಿಗಳು 1998ರಲ್ಲಿ ಮುಂದಿಟ್ಟರು. ಮರುವರ್ಷ ಮಾವೊರಿ ವಿದ್ವಾಂಸೆ ಲಿಂಡಾ ತುಹಿವಾಯಿ ಸ್ಮಿತ್ ಅವರ ಪುಸ್ತಕ ಸಂಶೋಧನಾ ವಿಧಾನವನ್ನೇ ಪ್ರಶ್ನಿಸಿತು.

ಇದರ ಫಲ ಚೆನ್ನಾಗಿ ಕಾಣುವುದು ಮುಪ್ಪಿನ ಅಧ್ಯಯನದಲ್ಲಿ. ಮರೆವನ್ನು ಅಳೆಯಲು ವೈದ್ಯರು ಬಳಸುತ್ತಿದ್ದ ಪರೀಕ್ಷೆಯಲ್ಲಿ ತಾರೀಖು ಹೇಳಬೇಕು, ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು, ಒಂದು ವಾಕ್ಯ ಬರೆಯಬೇಕು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಇಲ್ಲಿ ಸೋತರೆ ಅದು ಮರೆವೇ? ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿಯಲ್ಲಿ ಆದಿವಾಸಿ ಸಮುದಾಯದವರ ಜೊತೆಗೂಡಿ ರೂಪಿಸಿದ ಪರೀಕ್ಷೆ 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಾಚಣಿಗೆ, ತಗಡಿನ ಲೋಟ, ಬೆಂಕಿಪೊಟ್ಟಣ ತೋರಿಸಿ ಹೆಸರು ಕೇಳುತ್ತಾರೆ. ಈ ವಾರ ಪಿಂಚಣಿ ಬರುವ ವಾರವೇ ಎಂದು ವಿಚಾರಿಸುತ್ತಾರೆ. ಎಮು, ಮೊಸಳೆಯ ಚಿತ್ರಗಳನ್ನು ನೆನಪಿಟ್ಟುಕೊಳ್ಳಬೇಕು. ಹೀಗೆ ಅಳೆದಾಗ 45 ದಾಟಿದವರಲ್ಲಿ ಶೇ. 12.4 ಮಂದಿಗೆ ಡಿಮೆನ್ಷಿಯಾ ಕಂಡಿತು. ವಯಸ್ಸಿನ ಅಂತರ ಸರಿದೂಗಿಸಿ ನೋಡಿದರೂ ಇದು ದೇಶದ ಒಟ್ಟಾರೆ ಪ್ರಮಾಣದ ಐದು ಪಟ್ಟು. ತಲೆಗೆ ಬಿದ್ದ ಪೆಟ್ಟು, ಧೂಮಪಾನ, ಪಾರ್ಶ್ವವಾಯು ಇದರ ಜೊತೆಗಿದ್ದವು. ಪರೀಕ್ಷೆ ಸುಲಭವಾದದ್ದರಿಂದ ಕಾಯಿಲೆ ಮರೆಯಾಗಲಿಲ್ಲ, ನಿಜವಾದ ಭಾರ ತೂಕಕ್ಕೆ ಸಿಕ್ಕಿತು. ಕೆನಡಾದ ಮ್ಯಾನಿಟೂಲಿನ್ ದ್ವೀಪದ ಅನಿಶಿನಾಬೆ ಸಮುದಾಯಗಳು ಇದನ್ನೇ ತಮಗೆ ತಕ್ಕಂತೆ ತಿದ್ದಿಕೊಂಡವು.

ನಮ್ಮಲ್ಲಿ 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಕುಡಗೋಲು ಆಕಾರದ ರಕ್ತಕಣ (ಸಿಕಲ್ ಸೆಲ್) ಪತ್ತೆಯಾದಾಗಿನಿಂದ ಸಂಶೋಧನೆಯ ಕಣ್ಣು ಹೆಚ್ಚಾಗಿ ರಕ್ತ, ಮಲೇರಿಯಾ, ಅಪೌಷ್ಟಿಕತೆಗಳ ಮೇಲಿದೆ. ಇವೆಲ್ಲ ಬೇಕಾದದ್ದೇ, ಆದರೆ ಮುಪ್ಪಿನ ಕಡೆಗೂ ಕಣ್ಣು ಹಾಯಬೇಕು. ಬುಡಕಟ್ಟು ಆರೋಗ್ಯದ ಕುರಿತ ಅಭಯ್ ಬಂಗ್ ಸಮಿತಿಯ 2018ರ ವರದಿ ದೇಶದ ಆದಿವಾಸಿಗಳ ಸರಾಸರಿ ಆಯುಷ್ಯ 63.9 ವರ್ಷ ಎಂದಿತು; ಹಾಗಿರುವಾಗ 60ಕ್ಕೆ ಮುಪ್ಪು ಶುರು ಎಂಬ ಸರ್ಕಾರಿ ಲೆಕ್ಕ ಅವರಿಗೆ ಹೇಗೆ ಹೊಂದೀತು? ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅಲ್ಲಿನ ಆದಿವಾಸಿಗಳಾದ ಸೋಲಿಗರ ನಡುವೆ ದಶಕಗಳಿಂದ ಇದೆ. ಸೋಲಿಗ ಹಿರಿಯರ ನೆನಪನ್ನು ಅಳೆಯುವ ಪ್ರಶ್ನೆಗಳು ಅವರ ಹಾಡಿಯಾದ ಪೋಡಿನಲ್ಲಿ ಅವರ ಜೊತೆ ಕೂತೇ ತಯಾರಾಗಲಿ: ಜೇನಿನ ಕಾಲ ಯಾವುದು, ಈ ಗೆಡ್ಡೆಯ ಹೆಸರೇನು, ಪಡಿತರ ಯಾವಾಗ ಬಂತು.