ಮೆಲ್ಬರ್ನಿನ ಕ್ಯಾಮೆರಾ, ಸಿಡ್ನಿಯ ಕುಂಚ: ಎರಡು ರೆಕಾರ್ಡ್ ಹೊದಿಕೆಗಳ ಹಿನ್ನೆಲೆ

1964ರ ಜೂನ್‌ನಲ್ಲಿ ಲಿವರ್‌ಪೂಲಿನ ಬೀಟಲ್ಸ್ ತಂಡ ಮೆಲ್ಬರ್ನಿಗೆ ಬಂದಾಗ ಹೋಟೆಲಿನ ಮುಂದೆ ಜನ ಕಿಕ್ಕಿರಿದಿದ್ದರು. ಆ ಗದ್ದಲದ ನಡುವೆ ತಂಡದ ವ್ಯವಸ್ಥಾಪಕ ಬ್ರಯಾನ್ ಎಪ್ಸ್ಟೀನ್‌ನ ಫೋಟೊ ತೆಗೆಯಲು ಹೋದವನು ರಾಬರ್ಟ್ ವಿಟೇಕರ್. ಹುಟ್ಟಿದ್ದು ಇಂಗ್ಲೆಂಡಿನಲ್ಲಾದರೂ ಆಗ ಅವನ ಕಸುಬು ಮೆಲ್ಬರ್ನಿನಲ್ಲಿ. ಎಪ್ಸ್ಟೀನ್‌ನ ಸುತ್ತ ನವಿಲುಗರಿ ಮೂಡಿಸಿದ ಆ ಒಂದು ಚಿತ್ರವೇ ಕೆಲಸ ಕೊಡಿಸಿತು. ಅದೇ ವರ್ಷ ಎಪ್ಸ್ಟೀನ್‌ನ ನೆಮ್ಸ್ ಸಂಸ್ಥೆಗೆ ಸೇರಿದ. ಆ ದಶಕದ ರೆಕಾರ್ಡ್ ಹೊದಿಕೆಗಳ ಕಥೆಯನ್ನು ಲಂಡನ್ನಿನಿಂದ ಶುರುಮಾಡುವುದುಂಟು. ಆದರೆ ಅದರ ಒಂದು ಎಳೆ ಹೊರಟದ್ದು ಆಸ್ಟ್ರೇಲಿಯಾದಿಂದ.

1966ರ ಮಾರ್ಚ್ 25ರಂದು ವಿಟೇಕರ್ ಲಂಡನ್ನಿನ ಚೆಲ್ಸಿಯಲ್ಲಿ ಬೀಟಲ್ಸ್‌ನ ನಾಲ್ವರಿಗೂ ಕಟುಕರ ಬಿಳಿ ಕೋಟು ತೊಡಿಸಿ, ಮೈಮೇಲೆ ಹಸಿ ಮಾಂಸದ ತುಂಡು, ತಲೆ ಕಿತ್ತ ಬೊಂಬೆಗಳನ್ನಿಟ್ಟ. ದೇವರಂತೆ ಪೂಜೆಗೊಳ್ಳುವವರೂ ರಕ್ತಮಾಂಸದವರೇ ಎಂಬುದು ಅವನ ವ್ಯಂಗ್ಯ. ಪಟದ ಹಿಂದೆ ಚಿನ್ನದ ಬಣ್ಣ, ತಲೆಯ ಸುತ್ತ ಪ್ರಭಾವಳಿ ಬರಬೇಕಿತ್ತು. ಆ ಕೆಲಸ ಮುಗಿಯುವ ಮೊದಲೇ ಚಿತ್ರ ಅಮೆರಿಕದ ‘ಯೆಸ್ಟರ್ಡೇ ಆ್ಯಂಡ್ ಟುಡೇ’ ಎಲ್.ಪಿ.ಯ ಮುಖಕ್ಕೆ ಬಂತು. ಅಂಗಡಿಯವರು ಹೌಹಾರಿದರು. ರೆಕಾರ್ಡ್ ಹೊರತಂದ ಕ್ಯಾಪಿಟಲ್ ಕಂಪನಿ ಜೂನ್‌ನಲ್ಲಿ ಪ್ರತಿಗಳನ್ನು ವಾಪಸು ತರಿಸಿ, ಎಷ್ಟೋ ಹೊದಿಕೆಗಳ ಮೇಲೆ ಹೊಸ ಚಿತ್ರ ಅಂಟಿಸಿತು, ಲಗ್ನಪತ್ರಿಕೆಯಲ್ಲಿ ಛತ್ರ ಬದಲಾದರೆ ನಾವು ಚೀಟಿ ಅಂಟಿಸುವಂತೆ! ದೊಡ್ಡ ಪೆಟ್ಟಿಗೆಯೊಂದರ ಜೊತೆ ನಾಲ್ವರೂ ಸಪ್ಪಗೆ ಕಾಣುವ ಆ ಬದಲಿ ಚಿತ್ರವೂ ವಿಟೇಕರನದೇ. ಅಂದಿನಿಂದ ಸಂಗ್ರಾಹಕರು ಹಬೆ ಹಿಡಿದು ಮೇಲಿನ ಕಾಗದ ಸುಲಿಯುತ್ತಲೇ ಇದ್ದಾರೆ.

ಇಲ್ಲಿ ಕಲ್ಪನೆ ಚಿತ್ರಗಾರನದು, ಮೈ ಗಾಯಕರದು, ಕೊನೆಯ ಮಾತು ಕಂಪನಿಯದು. ಮಾರ್ಟಿನ್ ಶಾರ್ಪ್‌ನ ಕಥೆ ಬೇರೆ. ಸಿಡ್ನಿಯಲ್ಲಿ 1963ರಲ್ಲಿ ಶುರುವಾದ ‘ಆಜ್’ ಪತ್ರಿಕೆಯ ಕಲಾವಿದನಾದ ಇವನೂ ಲಂಡನ್ನಿಗೆ ಬಂದ. ಸ್ಪೀಕೀಸಿ ಕ್ಲಬ್ಬಿನಲ್ಲಿ ಪರಿಚಯವಾದ ಒಬ್ಬ ಗಿಟಾರ್ ವಾದಕನಿಗೆ ತನ್ನ ಪದ್ಯವನ್ನು ಕೈಯೊರೆಸುವ ಕಾಗದದ ಮೇಲೆ ಗೀಚಿ ಕೊಟ್ಟ. ಆ ವಾದಕ ಎರಿಕ್ ಕ್ಲಾಪ್ಟನ್. ಪದ್ಯ ‘ಟೇಲ್ಸ್ ಆಫ್ ಬ್ರೇವ್ ಯುಲಿಸೀಸ್’ ಎಂಬ ಹಾಡಾಯಿತು; ಆಮೇಲೆ ಕ್ಲಾಪ್ಟನ್‌ನ ಕ್ರೀಮ್ ತಂಡದ ‘ಡಿಸ್ರೇಲಿ ಗಿಯರ್ಸ್’ (1967) ಹೊದಿಕೆಯೂ ಶಾರ್ಪ್‌ನ ಪಾಲಿಗೆ ಬಂತು. ಇಬ್ಬರೂ ಚೆಲ್ಸಿಯ ‘ಫೆಸಂಟ್ರಿ’ ಕಟ್ಟಡದಲ್ಲೇ ವಾಸ. ಹಾಡು ಮುಗಿದ ಮೇಲೆ ಆರ್ಡರ್ ಹಿಡಿದವನಲ್ಲ ಇವನು, ಹಾಡಿನೊಳಗೇ ಇದ್ದವನು. ಕಣ್ಣು ಕೋರೈಸುವ ಪ್ರತಿದೀಪಕ ಬಣ್ಣಗಳಲ್ಲಿ ಅಂಟುಚಿತ್ರ ಕಟ್ಟಿದ. ನನ್ನ ದೃಷ್ಟಿಯಲ್ಲಿ, ಆ ದಶಕದಲ್ಲಿ ಗಿಟಾರಿನ ಕಿರುಚನ್ನು ಕಣ್ಣಿಗೆ ಕೇಳಿಸಿದ ಹೊದಿಕೆ ಇನ್ನೊಂದಿಲ್ಲ. ಅದರೊಳಗೆ ಕತ್ತರಿಸಿ ಅಂಟಿಸಿದ ಫೋಟೊಗಳನ್ನು ತೆಗೆದವನು ಮತ್ತಾರೂ ಅಲ್ಲ, ವಿಟೇಕರ್.

ಅಲ್ಲಿ ಹೊದಿಕೆ ಮಾಡಿದವರ ಹೆಸರಾದರೂ ಉಳಿದಿದೆ. ನಮ್ಮ ಕನ್ನಡದಲ್ಲಿ 1978ರ ‘ನಿತ್ಯೋತ್ಸವ’ದೊಂದಿಗೆ ಭಾವಗೀತೆ ಕ್ಯಾಸೆಟ್ಟುಗಳ ಕಾಲ ಬಂದಾಗ ಕವಿ ನಿಸಾರ್ ಅಹಮದ್, ಗಾಯಕ ಮೈಸೂರು ಅನಂತಸ್ವಾಮಿ ಮನೆಮಾತಾದರು, ಹೊದಿಕೆ ಬರೆದವರು ಹಾಗಾಗಲಿಲ್ಲ. ಹಳೆಯ ಕ್ಯಾಸೆಟ್ಟು ಉಳಿಸಿಕೊಂಡವರು ಒಳಗಿನ ಕಾಗದದ ಮಡಿಕೆ ಬಿಡಿಸಿ ನೋಡಿ. ಕಲಾವಿದರ ಹೆಸರು ಕಂಡರೆ ಬರೆದಿಡಿ.