ನೀರು ಬಿದ್ದರೆ ನಿಜವೇ? ಸತ್ಯ, ಜ್ಞಾನ, ಧರ್ಮ ಕುರಿತು ಪ್ರಾಗ್ಮಾಟಿಸಂ

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರದ ತೆಂಗು-ಅಡಿಕೆ ತೋಟದವರು ಬೋರ್‌ವೆಲ್ ಕೊರೆಸುವ ಮುನ್ನ ನೀರು ನೋಡುವವರನ್ನು ಕರೆಸುವುದುಂಟು. ಅವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದುದ್ದಕ್ಕೂ ನಡೆಯುತ್ತಾರೆ. ಕಾಯಿ ಎದ್ದು ನಿಂತ ಕಡೆ ಕಲ್ಲಿಟ್ಟು ಗುರುತು ಮಾಡುತ್ತಾರೆ. ಆಮೇಲೆ ಲಾರಿ ಬಂದು ಕೊರೆಯಲು ತೊಡಗಿದರೆ ಮೊದಲು ಕಲ್ಲಿನ ಪುಡಿ ಏಳುತ್ತದೆ, ಅದೃಷ್ಟವಿದ್ದರೆ ಕೆಸರು ನೀರು ಚಿಮ್ಮುತ್ತದೆ. ನೀರು ಬಿದ್ದ ಮಾತ್ರಕ್ಕೆ ಆ ವಿದ್ಯೆ ನಿಜವಾಯಿತೇ? ಪ್ರಾಗ್ಮಾಟಿಸಂ ಎಂಬ ತತ್ತ್ವದರ್ಶನ ಕೇಳುವುದು ಇಂಥದೇ ಪ್ರಶ್ನೆಯನ್ನು.

ಹುಟ್ಟು

ಈ ಹೆಸರಿನ ಮೂಲ ಗ್ರೀಕ್‌ನ ‘ಪ್ರಾಗ್ಮಾ’, ಅಂದರೆ ಕ್ರಿಯೆ. 1870ರ ದಶಕದ ಆರಂಭದಲ್ಲಿ ಅಮೆರಿಕದ ಕೇಂಬ್ರಿಡ್ಜ್‌ನಲ್ಲಿ ಸೇರುತ್ತಿದ್ದ ಗೆಳೆಯರ ಕೂಟವೊಂದರಲ್ಲಿ ಈ ವಿಚಾರ ಮೊಳೆಯಿತು. ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ (1839–1914) 1878ರ ಲೇಖನದಲ್ಲಿ ಅದಕ್ಕೆ ರೂಪ ಕೊಟ್ಟರು. ವಿಲಿಯಂ ಜೇಮ್ಸ್ (1842–1910) 1907ರಲ್ಲಿ ‘ಪ್ರಾಗ್ಮಾಟಿಸಂ’ ಎಂಬ ಪುಸ್ತಕ ಪ್ರಕಟಿಸಿ ಅದನ್ನು ಜನರ ನಡುವೆ ತಂದರು. ಜಾನ್ ಡ್ಯೂಯಿ (1859–1952) ಅದನ್ನು ಶಿಕ್ಷಣಕ್ಕೂ ಪ್ರಜಾಪ್ರಭುತ್ವಕ್ಕೂ ಹಬ್ಬಿಸಿದರು.

ಸತ್ಯ

ಒಂದು ಮಾತಿನ ಅರ್ಥ ತಿಳಿಯಬೇಕಾದರೆ, ಅದು ನಿಜವಾದಲ್ಲಿ ಅನುಭವದಲ್ಲಿ ಏನೇನು ಕಾಣಬೇಕು ಎಂದು ಕೇಳಿ ಎಂಬುದು ಪರ್ಸ್ ಹಾಕಿಕೊಟ್ಟ ಸೂತ್ರ. ‘ಕಾಯಿ ನೀರನ್ನು ತೋರಿಸುತ್ತದೆ’ ಎಂಬುದು ನಿಜವಾದರೆ, ಕಾಯಿ ತೋರಿಸಿದ ಜಾಗಗಳಲ್ಲಿ ಬೇರೆ ಕಡೆಗಿಂತ ಹೆಚ್ಚು ಬಾರಿ ನೀರು ಸಿಗಬೇಕು. ಹಾಗಿದ್ದರೆ ನೀರು ಬಿದ್ದ ಒಂದು ಬಾವಿಯ ಜೊತೆಗೆ ಒಣಗಿಹೋದ ಬಾವಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಾಯಿ ಇಲ್ಲದೆ ಕೊರೆಸಿದವರ ಲೆಕ್ಕವೂ ಬೇಕು. ಗಟ್ಟಿ ಬಂಡೆಯ ನೆಲದಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ. ಯಾವ ವಿದ್ಯೆಯೂ ಇಲ್ಲದೆ ಕೊರೆದರೂ ಒಮ್ಮೊಮ್ಮೆ ಬಿರುಕು ಸಿಕ್ಕೇ ಸಿಗುತ್ತದೆ. ವಿಚಾರ ಮಾಡುವವರೆಲ್ಲ ಬೇಕಾದಷ್ಟು ಕಾಲ ಪರೀಕ್ಷಿಸುತ್ತ ಹೋದರೆ ಕೊನೆಗೆ ಎಲ್ಲರೂ ಒಪ್ಪಬೇಕಾಗಿ ಬರುವುದೇ ಸತ್ಯ ಎಂದರು ಪರ್ಸ್.

ಜೇಮ್ಸ್ ಇನ್ನೂ ಮುಂದೆ ಹೋಗಿ, ಸತ್ಯವೆಂಬುದು ಮಾತಿಗೆ ಮೊದಲೇ ಅಂಟಿಕೊಂಡ ಗುಣವಲ್ಲ, ಅನುಭವದಲ್ಲಿ ಸಾಬೀತಾಗುತ್ತ ಅದು ನಿಜವಾಗುತ್ತದೆ ಎಂದರು. ಉಪಯೋಗಕ್ಕೆ ಬಂದದ್ದೆಲ್ಲ ನಿಜವಾದರೆ ಸಾಂತಾಕ್ಲಾಸ್ ಕೂಡ ನಿಜವಾಗಬೇಕಲ್ಲ ಎಂದು ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಆಕ್ಷೇಪಿಸಿದರು. ಜೇಮ್ಸ್ ಪರವಾಗಿ ಹೇಳಬಹುದಾದ ಮಾತೆಂದರೆ, ನಂಬಿಕೆಯೊಂದು ಮನಸ್ಸಿಗೆ ಹಿತವಾದರೆ ಸಾಲದು. ಉಳಿದ ಅನುಭವಗಳ ಜೊತೆಗೂ ಅದು ಹೊಂದಬೇಕು.

ನೈಯಾಯಿಕರ ನೀರು

ನೀರಿನ ಉದಾಹರಣೆ ನಮ್ಮ ನ್ಯಾಯದರ್ಶನದಲ್ಲೂ ಹಳೆಯದು. ದೂರದಲ್ಲಿ ಕಂಡದ್ದು ನೀರೋ ಬಿಸಿಲ್ಗುದುರೆಯೋ? ಹೋಗಿ ಕುಡಿದಾಗ ಬಾಯಾರಿಕೆ ತೀರಿದರೆ ಆ ಅರಿವು ಸರಿ. ಇದನ್ನು ನೈಯಾಯಿಕರು, ಅಂದರೆ ನ್ಯಾಯದರ್ಶನದವರು, ‘ಪ್ರವೃತ್ತಿಸಾಮರ್ಥ್ಯ’ ಎಂದರು. ಮೈಸೂರಿನ ಪ್ರೊ. ಎಂ. ಹಿರಿಯಣ್ಣನವರು 1932ರಲ್ಲಿ ಪ್ರಕಟವಾದ ಭಾರತೀಯ ದರ್ಶನದ ಇಂಗ್ಲಿಷ್ ಗ್ರಂಥದಲ್ಲಿ ಪ್ರಾಗ್ಮಾಟಿಸಂ ಜೊತೆಗಿನ ಈ ಹೋಲಿಕೆಯ ಮಿತಿಯನ್ನೂ ಗುರುತಿಸಿದ್ದಾರೆ: ನೈಯಾಯಿಕರಿಗೆ ಫಲ ಎಂಬುದು ಸತ್ಯದ ಒರೆಗಲ್ಲು, ಸತ್ಯದ ಲಕ್ಷಣವಲ್ಲ. ವಸ್ತು ಹೇಗಿದೆಯೋ ಹಾಗೆ ತಿಳಿಯುವುದೇ ಅವರಿಗೆ ಸತ್ಯ.

ಜ್ಞಾನ

ಡ್ಯೂಯಿ ಪ್ರಕಾರ ಜ್ಞಾನ ದೂರದಲ್ಲಿ ನಿಂತು ನೋಡುವವನದಲ್ಲ, ಕೈಹಾಕಿ ಮಾಡುವವನದು. ತೋಟ ಒಣಗತೊಡಗಿದಾಗ ಯೋಚನೆ ಶುರುವಾಗುತ್ತದೆ. ತೊಡಕು ಯಾವುದೆಂದು ಗುರುತಿಸುತ್ತೇವೆ, ಊಹೆ ಕಟ್ಟುತ್ತೇವೆ, ಮಾಡಿ ನೋಡುತ್ತೇವೆ, ತಪ್ಪಾದರೆ ತಿದ್ದಿಕೊಳ್ಳುತ್ತೇವೆ. ಅಮೃತಮಹಲ್ ದನದ ತಳಿಯ ಹಿರಿಮೆಯೂ ಹೀಗೇ, ಮಾಡಿ ನೋಡಿ ಗೊತ್ತಾದದ್ದು. ಹೈದರ್, ಟಿಪ್ಪು ಕಾಲದ ದಂಡಿನ ದಾರಿಗಳಲ್ಲಿ ಫಿರಂಗಿ ಎಳೆದು ಆ ಎತ್ತುಗಳು ತಮ್ಮ ಓಟವನ್ನೂ ತಾಳಿಕೆಯನ್ನೂ ತೋರಿಸಿಕೊಟ್ಟವು.

ಧರ್ಮ

ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ ಕೋಡಿ ಬಿದ್ದರೆ ಬಾಗಿನ ಅರ್ಪಿಸುತ್ತಾರೆ. ಬಾಗಿನದಿಂದ ಮಳೆ ಬರುತ್ತದೆ ಎಂದರೆ ಅದನ್ನು ಪರೀಕ್ಷೆಗೆ ಒಡ್ಡಬೇಕಾಗುತ್ತದೆ. ಆದರೆ ಅದರಲ್ಲಿರುವ ಕೃತಜ್ಞತೆ, ಕೆರೆ ನಮ್ಮೆಲ್ಲರದು ಎಂಬ ಭಾವ, ಇವುಗಳ ಫಲ ಬದುಕಿನಲ್ಲಿ ಕಾಣಬೇಕಾದದ್ದು. ಜೇಮ್ಸ್ 1902ರ ಗ್ರಂಥದಲ್ಲಿ ಧಾರ್ಮಿಕ ಅನುಭವವನ್ನು ಅದರ ಬೇರಿನಿಂದಲ್ಲ, ಫಲದಿಂದ ತೂಗಿದರು. ಸಾಕ್ಷ್ಯದಿಂದ ತೀರ್ಮಾನವಾಗದ, ಆದರೆ ಬದುಕು ತಡೆಯದೆ ಉತ್ತರ ಕೇಳುವ ಪ್ರಶ್ನೆಗಳಲ್ಲಿ ಮಾತ್ರ ನಂಬುವ ಹಕ್ಕಿದೆ ಎಂದು ಅವರು ಬೇರೆಡೆ ಹೇಳಿದರು. ಬಾವಿಯ ಪ್ರಶ್ನೆ ಅಂಥದ್ದಲ್ಲ. ಅದಕ್ಕೆ ಸಾಕ್ಷ್ಯ ಸಿಗುತ್ತದೆ. ಡ್ಯೂಯಿ 1934ರಲ್ಲಿ, ಅಲೌಕಿಕವನ್ನು ಬಿಟ್ಟರೂ ಆದರ್ಶಕ್ಕೆ ಪೂರ್ಣವಾಗಿ ತೆತ್ತುಕೊಳ್ಳುವ ಬಾಳಿನಲ್ಲಿ ಧಾರ್ಮಿಕ ಗುಣ ಉಳಿಯುತ್ತದೆ ಎಂದರು.

1913ರಿಂದ 1916ರವರೆಗೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಅಂಬೇಡ್ಕರ್ ಅವರಿಗೆ ಡ್ಯೂಯಿ ಗುರು. 1936ರ ‘ಜಾತಿ ವಿನಾಶ’ದಲ್ಲಿ ಅವರು ಆ ಋಣವನ್ನು ನೆನೆದಿದ್ದಾರೆ. ಧರ್ಮ ಮನುಷ್ಯರನ್ನು ಹೇಗೆ ಬಾಳಿಸುತ್ತದೆ ಎಂಬುದೇ ಅವರ ಅಳತೆಗೋಲಾಗಿತ್ತು.

ಉಳಿಯುವ ಮಾತು

ಪ್ರಾಗ್ಮಾಟಿಸಂ ಎಂದರೆ ನಮಗೆ ಅನುಕೂಲವಾದದ್ದನ್ನು ನಿಜವೆನ್ನುವುದಲ್ಲ. ನೀರು ಬಿದ್ದವನ ಸಂತೋಷದ ಪಕ್ಕದಲ್ಲೇ ಸಾಲ ಮಾಡಿ ಕೊರೆಸಿ ಬರಿಗೈಯಲ್ಲಿ ನಿಂತವನನ್ನೂ ಕೂರಿಸಿ ಲೆಕ್ಕ ಕೇಳುವುದು ಅದರ ಪ್ರಾಮಾಣಿಕತೆ. ಮುಂದಿನ ಕಲ್ಲು ಎಲ್ಲಿ ಇಡಬೇಕೆಂದು ಆ ಲೆಕ್ಕವೇ ಹೇಳಬೇಕು.